ಹೋಟಗಿ ರೋಡಿನ ತಕ್ಕಡಿ

ವಿಮಾನ ಎರಡಕ್ಕ ಬರ್ತದ ಅಂದಿದ್ದರು.
ಈಗ ಮೂರೂವರಿ.
ಸೊಲ್ಲಾಪುರದ ಈ ಬಯಲಿನಾಗ
ನಾವು ಮೂವತ್ತೆಂಟು ಮಂದಿ
ನಮ್ಮ ನಮ್ಮ ಚೀಲದ ಮ್ಯಾಲೆ ಕುಂತೀವಿ
ಸಂತಿ ಬಸ್ಸು ತಪ್ಪಿದವರಂಗ.

ಸಕ್ಕರಿ ಕಾರ್ಖಾನಿ ಚಿಮಣಿ ಇತ್ತಲ್ಲ, ಅಲ್ಲಿ,
ವಿಮಾನಕ್ಕ ಅಡ್ಡ ಬರ್ತದಂತ ಕೆಡವಿದರು.
ಈಗ ಅಡ್ಡ ಏನೂ ಇಲ್ಲ.
ಆದರೂ ಬರವಲ್ದು.

ಬಾಗಿಲದಾಗ ತಕ್ಕಡಿ ಒಂದು ತಂದಿಟ್ಟಾರ,
ಜ್ವಾಳದ ಮೂಟಿ ತೂಗೂದು, ಮಾರ್ಕೆಟ್ ಯಾರ್ಡಿನದು.
ಬೂಟು, ಬಂದೂಕು, ನೀಲಿ ಟೊಪ್ಪಿಗಿ ಸಮೇತ
ಒಬ್ಬೊಬ್ಬರೇ ಹತ್ತಿ ನಿಲ್ಲಬೇಕು.
ಹವಾಲ್ದಾರ ಇಂಗವಲೆ ಬರಕೋತಾನ:
ನೂರಾ ಹನ್ನೊಂದು. ನೂರಾ ನಾಕು.
ನನ್ನ ಪಾಳಿ ಬಂದಾಗ ಪೆನ್ನು ತಡದ, ಕನ್ನಡಕ ತೆಗೆದ.
‘ಬಿರಾಜದಾರ, ಎರಡು ಕಿಲೋ ಜಾಸ್ತಿ.’

ಆ ಎರಡು ಕಿಲೋ ಏನಂತ ನನಗ ಗೊತ್ತು.
ಅವ್ವ ವಾರಗಟ್ಟಲೆ ಬಡದು ಬಡದು
ಒಣಗಿಸಿದ ಕಡಕ ರೊಟ್ಟಿ,
ಹಳೇ ಚಾದರದ ತುಂಡಿನಾಗ ಕಟ್ಟಿದ್ದು,
ನಡುವ ಶೇಂಗಾ ಹಿಂಡಿ.
ಆ ದೇಶದಾಗೂ ಜ್ವಾಳ ಬೆಳೀತಾರವ್ವಾ ಅಂದಿದ್ದೆ.
‘ಬೆಳೀಲಿ’ ಅಂದಳು, ‘ಬಡಿಯೋರು ಯಾರು?’

ಇಳಿಯೂ ಊರಿನ ಹೆಸರು ಜೂಬಾ.
ಜುಬ್ಬಾ ಹಾಕ್ಕೊಂಡು ಹೋಗೂದೇನ್ರಿ ಸಾಹೇಬ್ರ ಅಂತ
ಒಂದು ತಿಂಗಳಿಂದ ದಸ್ತಗೀರನದು ಅದೇ ಚಾಷ್ಟಿ.
ಇವತ್ತ ಮಾಡಲಿಲ್ಲ.

ಇನ್ನೊಂದು ಕಾಗದ ತುಂಬೂದಿತ್ತು.
ಏನರೆ ಆದರ ಯಾರಿಗೆ ತಿಳಿಸಬೇಕು?
ಏನರೆ ಅಂದ್ರ ಏನು ಅಂತ ಅದರಾಗ ಬರದಿಲ್ಲ.
ನೀಲಗಂಗವ್ವ ಬಿರಾಜದಾರ, ಮು. ಪೋ. ಜೇವೂರ.
‘ಯಾವ ಜೇವೂರ?’
ಜಿಲ್ಲಾದಾಗ ಎರಡು ಅವ.
ಕರಮಾಳ್ಯಾದ್ದಕ್ಕ ರೈಲು ನಿಲ್ತದ, ಎಲ್ಲಾರಿಗೂ ಗೊತ್ತು.
ನಮ್ಮದು ಅಕ್ಕಲಕೋಟದ್ದು.
ದಪ್ಪಗ ಬರದು ಕೆಳಗ ಎರಡು ಗೆರಿ ಎಳದೆ.
ತಪ್ಪಿ ಆ ಜೇವೂರಕ್ಕ ಸುದ್ದಿ ಹೋದರ
ಯಾವಾಕೀನೋ, ಗಂಡಸು ಮಗನೇ ಇಲ್ಲದಾಕಿ,
ಪೋಲೀಸ ಪಾಟೀಲನ ಮುಂದ ಅಂಗಳದಾಗ ನಿಂತು
ನನ್ನ ಸಲುವಾಗಿ
ಮರಾಠಿಯೊಳಗ ಅಳಬೇಕಾದೀತು.

‘ಎರಡು ಕಿಲೋ ಇಲ್ಲೇ ಬಿಡು’ ಅಂದ ಇಂಗವಲೆ.
ಬಿಡೂದೆಲ್ಲಿ? ದೀಪದ ಕಂಬದ ಬುಡಕ?
ಗಂಟು ಬಿಚ್ಚಿದೆ.
ಕಟ್ ಅಂತ ಮುರಿದ ಸಪ್ಪಳಕ್ಕ
ನಿದ್ದಿ ಬಂದವರಂಗ ಕುಂತವರೆಲ್ಲಾ ಕಣ್ಣು ತೆರೆದರು.
ತಲಿಗೊಂದು ಬಂತು.
ಹೆಲ್ಮೆಟ್ಟಿನಾಗ ಹಿಂಡಿ ಸುರುವಿ
ರನ್‌ವೇ ಅಂಚಿಗೆ ಕುಂತು ತಿಂದಿವಿ,
ಬೆಲ್ಟು ಸಡಿಲ ಮಾಡಿ ಕ್ಯಾಪ್ಟನ್ ಸಾಹೇಬರು ಸುದ್ದಾ.
ಯಾರೂ ಮಾತಾಡಲಿಲ್ಲ.
ಅಷ್ಟು ದೊಡ್ಡ ಬಯಲಿನಾಗ ಬರೇ ದವಡಿ ಸಪ್ಪಳ,
ಕತ್ತಲದಾಗ ಎತ್ತು ಕಣಿಕಿ ಅಗೀತಾವಲ್ಲ, ಹಂಗ.

ಸಾಮಾನು ಏರಿಸೋ ಪೀರಪ್ಪ, ಹೋಟಗಿಯವ,
ತನ್ನ ಪಾಲಿನ ಚೂರು ದೀಪಕ್ಕ ಹಿಡಿದು ನೋಡಿದ.
‘ತೆಳ್ಳಗ ಬಡದಾಳಪ್ಪಾ ನಿಮ್ಮವ್ವ’ ಅಂದ.
ಈ ಮಾತು ಆಕಿಗೆ ಮುಟ್ಟಿಸಬೇಕಂತ ಕಿಸೆಕ್ಕ ಕೈ ಹಾಕಿದೆ.
ಫೋನು ಸಂಜಿಗೇ ಕಸಗೊಂಡಿದ್ದರು.

ಮತ್ತ ತಕ್ಕಡಿ.
ನನ್ನದೀಗ ಸರಿ ಆತು.
ಎಲ್ಲಾರೂ ಒಂದೊಂದು ರೊಟ್ಟಿ ಭಾರ ಆಗಿದ್ದರು,
ವಿಮಾನಕ್ಕ ಲೆಕ್ಕ ಅಷ್ಟೇ.
ಇಂಗವಲೆಗೆ ಅದು ತಿಳೀತು.
ಮೀಸಿಗೆ ಹತ್ತಿದ ಹಿಂಡಿ ಒರಸಿಕೊಂಡು
ಹಳೇ ಆಕಡೇನೇ ಇಟ್ಟ.

ಅಕ್ಕಲಕೋಟದ ಕಡೆ ಆಕಾಶದಾಗ ಏನೋ ಮಿಣಕಿತು.
ಚುಕ್ಕಿ, ಅಂದ ಚೌಗುಲೆ.
ಚುಕ್ಕಿ ದೊಡ್ಡದಾತು.
ಎದ್ದಿವಿ. ಕಾಲಿಗೆ ಜೋಮು.
ಚಾದರದ ತುಂಡು ಝಾಡಿಸಿ, ಮಡಚಿ, ಅಂಗಿಯೊಳಗ ತುರುಕಿದೆ.
ಇಂಜಿನ್ನಿನ ಗದ್ದಲದಾಗ ದಸ್ತಗೀರ
ನಮ್ಮ ಕಡೆ ತಿರುಗಿ ಏನೋ ಒದರಿದ.
ಜುಬ್ಬಾದ್ದೇ ಇರಬೇಕು.
ಕೇಳಲಿಲ್ಲ,
ಆದರೂ ನಕ್ಕಿವಿ.